ನಾಗದೋಷ ಇರಲಿ, ಎಲ್‌ಡಿಎಲ್ ಎಷ್ಟಿದೆ?

ಮಲೆನಾಡಿನ ಊರುಗಳಲ್ಲಿ ಕೇಳಿಬರುವ ಮಾತೊಂದಿದೆ: "ಆ ಮನೆಯ ಗಂಡಸರು ಐವತ್ತು ದಾಟುವುದಿಲ್ಲ ಮಾರಾಯ್ರೆ, ನಾಗದೋಷ." ಆಶ್ಲೇಷಾ ಬಲಿ ಮಾಡಿಸುತ್ತಾರೆ. ಮಾಡಿಸಲಿ, ಬೇಡ ಅನ್ನೋಕೆ ನಾನ್ಯಾರು? ಆದರೆ ಆ ಮನೆಯ ಮಕ್ಕಳಿಗೆ ಲಿಪಿಡ್ ಪ್ರೊಫೈಲ್, ಅಂದರೆ ಎಲ್‌ಡಿಎಲ್ ಎಂಬ 'ಕೆಟ್ಟ' ಕೊಲೆಸ್ಟ್ರಾಲ್ ಎಷ್ಟಿದೆ ಅಂತ ಹೇಳುವ ರಕ್ತಪರೀಕ್ಷೆ, ಮಾಡಿಸಿ ಅಂದರೆ ನಗುತ್ತಾರೆ. ಹುಡುಗ ಸಣಕಲ, ದಿನಾ ಗುಡ್ಡ ಹತ್ತಿ ಶಾಲೆಗೆ ಹೋಗ್ತಾನೆ, ಅವನಿಗೆಂಥ ಕೊಲೆಸ್ಟ್ರಾಲು!

1953ರಲ್ಲಿ ಅಮೆರಿಕದ ವೈದ್ಯರಿಗೂ ಇಂಥದೇ ಆಶ್ಚರ್ಯ ಆಗಿತ್ತು. ಕೊರಿಯಾ ಯುದ್ಧದಲ್ಲಿ ಸತ್ತ 300 ಸೈನಿಕರ ಹೃದಯಗಳನ್ನು ಅವರು ಪರೀಕ್ಷಿಸಿದ್ದರು. ಸರಾಸರಿ ವಯಸ್ಸು 22. ಅವರಲ್ಲಿ ಸುಮಾರು ಶೇ 77 ಮಂದಿಯ ಹೃದಯದ ರಕ್ತನಾಳಗಳಲ್ಲಿ ಆಗಲೇ ರೋಗದ ಗುರುತು ಕಂಡಿತು. 1973ರಲ್ಲಿ ಅಮೆರಿಕದ ಲೂಸಿಯಾನಾ ರಾಜ್ಯದ ಬೊಗಲುಸಾ ಪಟ್ಟಣದಲ್ಲಿ ಜೆರಾಲ್ಡ್ ಬೆರೆನ್ಸನ್ ಎಂಬ ವೈದ್ಯರು ಮಕ್ಕಳ ಅಧ್ಯಯನವನ್ನೇ ಶುರು ಮಾಡಿದರು. ತೂಕ, ಬಿಪಿ, ರಕ್ತದ ಕೊಬ್ಬು ಜಾಸ್ತಿ ಇದ್ದಷ್ಟೂ ಎಳೆಯ ರಕ್ತನಾಳಗಳಲ್ಲೂ ಕೊಬ್ಬಿನ ಗೆರೆಗಳು ಜಾಸ್ತಿ ಇದ್ದವು.

ಸಣಕಲ ಹುಡುಗನ ಕಥೆ ಸ್ವಲ್ಪ ಬೇರೆ. ಕೊಲೆಸ್ಟ್ರಾಲ್ ಬರೀ ತುಪ್ಪದಿಂದ ಬರುವುದಲ್ಲ. ದೇಹವೇ ತಯಾರಿಸುತ್ತದೆ. ಅದನ್ನು ಹೊತ್ತು ತಿರುಗುವ ಎಲ್‌ಡಿಎಲ್ ಕಣಗಳನ್ನು ರಕ್ತದಿಂದ ಹಿಡಿದು ಒಳಗೆಳೆಯುವ ಗ್ರಾಹಕಗಳು (ರಿಸೆಪ್ಟರ್) ಯಕೃತ್ತಿನ ಜೀವಕೋಶಗಳ ಮೇಲಿರುತ್ತವೆ. ಅಡಿಕೆ ತೋಟಕ್ಕೆ ಕೊನೆ (ಗೊನೆ) ಇಳಿಸಲು ಬರುವ ಕೊನೆಗೌಡರು ಅಂದುಕೊಳ್ಳಿ. ಅರ್ಧ ಜನ ಬರಲೇ ಇಲ್ಲ ಅಂದರೆ ಕೊನೆ ಮರದಲ್ಲೇ ಉಳಿಯುತ್ತದೆ, ಹಣ್ಣಾಗುತ್ತದೆ, ಉದುರುತ್ತದೆ. ಬೆಳೆ ಜಾಸ್ತಿಯಾದದ್ದಲ್ಲ, ಇಳಿಸುವವರು ಕಮ್ಮಿ. ಅಪ್ಪನಿಂದಲೋ ಅಮ್ಮನಿಂದಲೋ ಒಂದು ಕೆಟ್ಟ ಜೀನ್ ಬಂದರೆ ಗ್ರಾಹಕಗಳಲ್ಲಿ ಅರ್ಧದಷ್ಟು ಕೆಲಸಕ್ಕೆ ಬರುವುದಿಲ್ಲ. ಹುಟ್ಟಿದಾಗಿನಿಂದಲೇ ರಕ್ತದಲ್ಲಿ ಎಲ್‌ಡಿಎಲ್ ಹೆಚ್ಚುಕಮ್ಮಿ ಎರಡು ಪಟ್ಟು, ಅದು ರಕ್ತನಾಳಗಳ ಗೋಡೆಗೆ ಸೇರುತ್ತಾ ಹೋಗುತ್ತದೆ. ಸುಮಾರು 250 ಜನರಲ್ಲಿ ಒಬ್ಬರಿಗೆ ಹೀಗಿರುತ್ತದೆ. ಈ ಗ್ರಾಹಕಗಳನ್ನು ಕಂಡುಹಿಡಿದ ಅಮೆರಿಕದ ವಿಜ್ಞಾನಿಗಳಾದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು.

ಮಕ್ಕಳಲ್ಲಿ ಎಲ್‌ಡಿಎಲ್ 130 (ಲ್ಯಾಬ್ ವರದಿಯ mg/dL ಲೆಕ್ಕದಲ್ಲಿ) ದಾಟಿದರೆ ಜಾಸ್ತಿ. ಮನೆಯಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತಗಳಿದ್ದು 160 ದಾಟಿದರೆ ಈ ಜೀನ್ ಮೇಲೆ ಬಲವಾದ ಅನುಮಾನ. ಪಥ್ಯ ಬೇಕೇ ಬೇಕು, ಆದರೆ ಅದೊಂದೇ ಸಾಲದು. ಹಲವರಿಗೆ 8–10 ವರ್ಷಕ್ಕೇ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಶುರು ಮಾಡುತ್ತಾರೆ.

ಬಿಪಿಯನ್ನೂ ನೋಡಿಸಬೇಕು, ಮೂರು ವರ್ಷದಿಂದಲೇ. ದೊಡ್ಡವರ ಬಿಪಿ ಯಂತ್ರದ ಪಟ್ಟಿಯನ್ನು (ಕಫ್) ಎಳೆ ತೋಳಿಗೆ ಸುತ್ತಿದರೆ ಬಿಪಿ ಇದ್ದದ್ದಕ್ಕಿಂತ ಕಮ್ಮಿ ತೋರಿಸುತ್ತದೆ, ಸಣ್ಣ ಪಟ್ಟಿ ಕೇಳಿ ಪಡೆಯಿರಿ. 120/80 ನಮಗೆ ಪರವಾಗಿಲ್ಲ ಅನ್ನಿಸಬಹುದು, ಆರು ವರ್ಷದ ಮಗುವಿಗೆ ಅದು ಜಾಸ್ತಿಯೇ. ಊಟಕ್ಕೆಲ್ಲ ಅಪ್ಪೆಮಿಡಿ ಉಪ್ಪಿನಕಾಯಿ ನಂಚಿಕೊಳ್ಳುವ ಚಟವನ್ನೂ ಸ್ವಲ್ಪ ಬಿಡಿಸಿ, ಉಪ್ಪು ಅಲ್ಲೇ ಅಡಗಿರುತ್ತದೆ.

ಒಂದು ಮಗುವಿನಲ್ಲಿ ಈ ಜೀನ್ ಸಿಕ್ಕಿತು ಅಂದರೆ ಅಲ್ಲಿಗೇ ನಿಲ್ಲಿಸಬೇಡಿ. ಅಣ್ಣ, ತಂಗಿ ಒಬ್ಬೊಬ್ಬರಿಗೂ ಅರ್ಧಕ್ಕರ್ಧ ಸಾಧ್ಯತೆ ಇದೆ. ಅಪ್ಪ, ಅಮ್ಮನೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು.