ಚಟ್ಟಿಗೆ ಮೀನು ಬೀಳುವ ಮುನ್ನ

ನಮ್ಮ ಕಡೆಗೆ ಮೀನಿನ ಗಾಡಿ ಬರುವುದು ಬೆಳಗ್ಗೆ ಹತ್ತರ ಹೊತ್ತಿಗೆ. ತೋಟದ ತಿರುವಿನಲ್ಲಿ ಹಾರ್ನ್ ಕೇಳಿದ್ದೇ ತಡ, ಅತ್ತೆ ಕೈಲಿದ್ದ ಕೆಲಸ ಬಿಟ್ಟು ಸ್ಟೀಲಿನ ಬೋಗುಣಿ ಹಿಡಿದು ಗೇಟಿನತ್ತ ನಡೆಯುತ್ತಾರೆ.

"ಎಂಥ ಉಂಟು ಇವತ್ತು?"

"ಮತ್ತಿ ಉಂಟಕ್ಕ, ಬಂಗುಡೆ ಉಂಟು."

ಅತ್ತೆ ಬೆಲೆ ಕೇಳುವುದು ಆಮೇಲೆ. ಮೊದಲು ಕಿವಿರು ಎತ್ತಿ ಒಳಗಿನ ಕೆಂಪು ನೋಡುತ್ತಾರೆ, ಹೊಟ್ಟೆಯನ್ನು ಬೆರಳಲ್ಲಿ ಒತ್ತುತ್ತಾರೆ, ಕೊನೆಗೆ ಮೂಗಿನ ಹತ್ತಿರ ಹಿಡಿಯುತ್ತಾರೆ. ಅಲ್ಲಿ ಪಾಸಾದರೆ ಮಾತ್ರ ಬೋಗುಣಿ ಮುಂದಕ್ಕೆ ಬರುತ್ತದೆ.

ಕೊಡಗಿಗೆ ಕಡಲಿಲ್ಲ. ನಮ್ಮ ಚಟ್ಟಿಗೆ ಬೀಳುವ ಕಡಲ ಮೀನು ಒಂದೋ ಮಂಗಳೂರಿನಿಂದ ಸಂಪಾಜೆ ಘಾಟಿ ಹತ್ತಿ ಬರಬೇಕು, ಇಲ್ಲವೇ ಕಣ್ಣೂರು, ತಲಶ್ಶೇರಿ ಕಡೆಯಿಂದ ಮಾಕುಟ್ಟದ ಕಾಡು ದಾಟಿ ಬರಬೇಕು. ಮಂಗಳೂರಿನಿಂದ ಮಡಿಕೇರಿಗೇ ಸುಮಾರು 140 ಕಿಲೋಮೀಟರ್. ಇನ್ನೊಂದು ಕಡೆ ಕಾವೇರಿ, ಹಾರಂಗಿ, ಲಕ್ಷ್ಮಣತೀರ್ಥದ ಹೊಳೆಮೀನು. ಮಳೆ ಹಿಡಿದರೆ ಗದ್ದೆಗೆ ಹತ್ತಿಬಂದು ಬಿದಿರಿನ ಕೂಳಿಗೆ ಬೀಳುವ ಸಣ್ಣ ಮೀನು. ಕಡಲಿನದಕ್ಕೆ ಒಂದು ವಾಸನೆ, ಹೊಳೆಯದಕ್ಕೆ ಇನ್ನೊಂದು. ಎರಡಕ್ಕೂ ನಮ್ಮಲ್ಲಿ ಇರುವುದು ಒಂದೇ ಡಬ್ಬಿಯ ಮಸಾಲೆ ಪುಡಿ, ಒಂದೇ ಬಾಟಲಿಯ ಹುಳಿ. ಅದು ಹೇಗೆ ಎರಡಕ್ಕೂ ಒಗ್ಗುತ್ತದೆ ಎಂದು ಹುಡುಕುತ್ತ ಹೋದಾಗ ನನಗೆ ಸಿಕ್ಕಿದ್ದು ಅಡುಗೆಮನೆಯೊಳಗಿನ ಒಂದು ದೊಡ್ಡ ರಸಾಯನಶಾಸ್ತ್ರ.

ಮೊದಲು ಹೊತ್ತಿನ ಮಾತು. ಪಂದಿಕರಿಗೆ (ಹಂದಿಮಾಂಸದ ಸಾರಿಗೆ) ಮಸಾಲೆ ಹಾಕಿ ಒಂದು ಗಂಟೆ ಬೇಯಿಸಿದರೂ ಮಾಂಸ ತಾಳಿಕೊಳ್ಳುತ್ತದೆ, ಅಷ್ಟು ಬೆಂದರೇ ಮೆತ್ತಗಾಗುತ್ತದೆ. ಅದರಲ್ಲಿ ನಾರುಗಳನ್ನು ಕಟ್ಟಿಹಿಡಿದ ಕೊಲಾಜೆನ್ ಬಿಗಿಯಾಗಿದೆ; ಅದು ಕರಗಲು ತುಂಬ ಶಾಖ, ತುಂಬ ಹೊತ್ತು ಬೇಕು. ಮೀನು ನೀರಿನಲ್ಲಿ ತೇಲುವ ಪ್ರಾಣಿ, ತನ್ನ ಭಾರ ತಾನು ಹೊರಬೇಕಿಲ್ಲ. ಅದರ ಮೈಯಲ್ಲಿ ಕೊಲಾಜೆನ್ ತೀರಾ ಕಡಿಮೆ, ಇದ್ದದ್ದೂ 50-55 ಡಿಗ್ರಿ ಸೆಲ್ಸಿಯಸ್‌ಗೇ ಕರಗತೊಡಗುತ್ತದೆ. 60 ಡಿಗ್ರಿ ದಾಟುವ ಹೊತ್ತಿಗೆ ಮೀನು ಬೆಂದೇ ಹೋಯಿತು. (ಮಡಿಕೇರಿಯ ಎತ್ತರಕ್ಕೆ ನೀರು ಕುದಿಯುವುದು ಸುಮಾರು 96 ಡಿಗ್ರಿಗೆ. ಕಾಳು ಬೇಯಿಸುವವರಿಗೆ ಅದು ತೊಂದರೆ, ಮೀನಿಗೆ ಏನೇನೂ ಅಲ್ಲ.) ಅಂದರೆ ಮೀನು ಸಾರಿಗೆ ಬಿದ್ದ ಮೇಲೆ ನಮಗೆ ಸಿಗುವುದು ಎಂಟು ಹತ್ತು ನಿಮಿಷ ಮಾತ್ರ. ಅಷ್ಟರಲ್ಲಿ ಹಸಿ ಕೊತ್ತಂಬರಿ ಬೀಜ ತನ್ನ ಹಸಿತನ ಕಳೆದುಕೊಳ್ಳುವುದಿಲ್ಲ, ಮೆಣಸಿನ ಕಾಳು ತನ್ನ ಖಾರ ಬಿಡುವುದಿಲ್ಲ. ಆದ್ದರಿಂದ ಮೀನಿನ ಮಸಾಲೆ ಮಾಡಬೇಕಾದ ಕೆಲಸವನ್ನೆಲ್ಲ ಮೀನು ಬರುವ ಮೊದಲೇ ಮುಗಿಸಿರಬೇಕು. ಹುರಿಯುವುದು, ಪುಡಿ ಮಾಡುವುದು, ಎಣ್ಣೆಯಲ್ಲಿ ಬಾಡಿಸುವುದು, ಈ ಮೂರೂ ಇರುವುದು ಇದಕ್ಕಾಗಿ.

ನಮ್ಮ ಮನೆಯ ಅಳತೆ ಹೀಗಿದೆ: ಕೊತ್ತಂಬರಿ ಬೀಜ 100 ಗ್ರಾಂ, ಬ್ಯಾಡಗಿ ಮೆಣಸಿನಕಾಯಿ 50, ಕರಿಮೆಣಸು 40, ಜೀರಿಗೆ 25, ಬೆಳ್ತಿಗೆ ಅಕ್ಕಿ 20, ಸಾಸಿವೆ 10, ಮೆಂತೆ 5, ಅರಿಶಿನ ಪುಡಿ 10 ಗ್ರಾಂ. ಅರ್ಧ ಕಿಲೋ ಮೀನಿಗೆ ಮೂರು ಟೀ ಚಮಚ ಪುಡಿ ಸಾಕು. ಅರಿಶಿನ, ಕರಿಮೆಣಸು ಬಿಟ್ಟು ಉಳಿದೆಲ್ಲವನ್ನೂ ಬೇರೆ ಬೇರೆಯಾಗಿಯೇ ಹುರಿಯಬೇಕು. ಇದು ಅತ್ತೆಯ ಹಟ ಎಂದು ನಾನು ಬಹಳ ದಿನ ತಿಳಿದಿದ್ದೆ. ಒಮ್ಮೆ ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿದು ನೋಡಿದೆ. ಕೊತ್ತಂಬರಿ ಬಿಸಿಯಾಗುವಷ್ಟರಲ್ಲಿ ಜೀರಿಗೆ ಕರಿಯಾಗಿತ್ತು, ಮೆಂತೆ ವಿಷದಷ್ಟು ಕಹಿಯಾಗಿತ್ತು. ಕಾಳಿನ ಗಾತ್ರ ಬೇರೆ, ಒಳಗಿನ ನೀರಿನಂಶ ಬೇರೆ, ಶಾಖ ಹಿಡಿಯುವ ವೇಗವೂ ಬೇರೆ.

ಹುರಿಯುವುದು ಎಷ್ಟರ ಮಟ್ಟಿಗೆ ಎಂಬುದನ್ನು ಕೊಡಗಿನವರಿಗೆ ಕಾಫಿಯ ಲೆಕ್ಕದಲ್ಲಿ ಹೇಳುವುದು ಸುಲಭ. ಪಂದಿಕರಿಯ ಪುಡಿಗೆ ಕಾಳುಗಳನ್ನು ಕಪ್ಪಾಗುವ ಹಾಗೆ ಹುರಿಯುತ್ತಾರೆ, ಅದು ಕಾಫಿಯ ಗಾಢ ಹುರಿತ. ಮೀನಿಗೆ ಅಷ್ಟು ಬೇಡ, ಬೀಜ ಹೊಂಬಣ್ಣದಿಂದ ತಿಳಿ ಕಂದಿಗೆ ತಿರುಗಿದರೆ ಸಾಕು. ಕಾಫಿಯಲ್ಲೂ ಕೊತ್ತಂಬರಿಯಲ್ಲೂ ನಡೆಯುವ ಕ್ರಿಯೆ ಒಂದೇ. 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಲ್ ಮಯ್ಯಾರ್ ವಿವರಿಸಿದ್ದು ಅದನ್ನೇ: ಸಕ್ಕರೆ ಮತ್ತು ಅಮೈನೋ ಆಮ್ಲಗಳು ಶಾಖದಲ್ಲಿ ಕೂಡಿ ನೂರಾರು ಹೊಸ ಪರಿಮಳದ ಅಣುಗಳನ್ನು ಹುಟ್ಟಿಸುತ್ತವೆ. ಹುರಿದ ಕಡಲೆಕಾಯಿ, ಕಾಫಿ, ಬ್ರೆಡ್ಡಿನ ಕಂದು ಸಿಪ್ಪೆ ಎಲ್ಲದರ ಘಮದ ಹಿಂದೆ ಇರುವುದೂ ಇದೇ ಕ್ರಿಯೆ. ಆದರೆ ಇದಕ್ಕೊಂದು ಬೆಲೆ ತೆರಬೇಕು. ಕೊತ್ತಂಬರಿಯ ಹೂವಿನಂಥ ಕಂಪು ಲಿನಲೂಲ್ ಎಂಬ ಹಾರುವ ಅಣುವಿನದು. ಹುರಿಯುತ್ತ ಹೋದಂತೆ ಅದು ಗಾಳಿಗೆ ಹೋಗುತ್ತದೆ. ಹುರಿದ ಘಮ ಬರಬೇಕು, ಹೂವಿನ ಕಂಪು ಪೂರ್ತಿ ಹೋಗಬಾರದು. ಆ ಗಡಿ ಬಾಣಲೆಯಲ್ಲಿ ಅರ್ಧ ನಿಮಿಷದಷ್ಟು ಮಾತ್ರ ಇರುತ್ತದೆ. ಅತ್ತೆ ಅಲ್ಲಿ ಕಣ್ಣಿಗಿಂತ ಮೂಗನ್ನು ನಂಬುತ್ತಾರೆ. "ಹಸಿ ವಾಸನೆ ಹೋಯ್ತು" ಎಂದವರೇ ಬಾಣಲೆ ಇಳಿಸಿ ಮೊರಕ್ಕೆ ಸುರಿಯುತ್ತಾರೆ. ಬಿಸಿ ಬಾಣಲೆಯಲ್ಲೇ ಬಿಟ್ಟರೆ ಒಲೆ ಆರಿಸಿದ ಮೇಲೂ ಹುರಿತ ನಡೆದೇ ಇರುತ್ತದೆ.

ಸಾಸಿವೆಯದು ಬೇರೆಯೇ ಕತೆ. ಹಸಿ ಸಾಸಿವೆಯನ್ನು ನೀರು ಹಾಕಿ ಅರೆದರೆ ಮೂಗಿಗೇರುವ ಘಾಟು ಬರುತ್ತದೆ. ಕಾಳಿನ ಒಳಗೆ ಬೇರೆ ಬೇರೆ ಕಡೆ ಇದ್ದ ಸಿನಿಗ್ರಿನ್ ಎಂಬ ವಸ್ತುವೂ ಮೈರೊಸಿನೇಸ್ ಎಂಬ ಕಿಣ್ವವೂ ಆಗ ಒಂದಾಗುತ್ತವೆ. ಹುರಿದರೆ ಕಿಣ್ವ ಸಾಯುತ್ತದೆ, ಘಾಟು ಹುಟ್ಟುವುದೇ ಇಲ್ಲ, ಕಾಯಿಬೀಜದಂಥ ರುಚಿ ಉಳಿಯುತ್ತದೆ. ನಮಗೆ ಬೇಕಾದದ್ದು ಅದೇ.

ಇನ್ನು ನಮ್ಮ ಕರಿಮೆಣಸು. ಸಿಲ್ವರ್ ಓಕಿಗೂ ಹಾಲುವಾಣದ ಮರಕ್ಕೂ ಹಬ್ಬಿದ ಬಳ್ಳಿಯಿಂದ ಕುಯ್ಯುವಾಗ ಹಸಿರಾಗಿದ್ದ ಕಾಳು ಕಣದಲ್ಲಿ ಕಪ್ಪಾಗುವುದು ಬಿಸಿಲಿಗೆ ಸುಟ್ಟಲ್ಲ. ಸಿಪ್ಪೆಯಲ್ಲಿರುವ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಗಾಳಿಯ ಆಮ್ಲಜನಕದ ನೆರವಿನಿಂದ ಅದನ್ನು ಕಪ್ಪಾಗಿಸುತ್ತದೆ. ಐಸಿನಲ್ಲಿಟ್ಟ ಸಿಗಡಿಯ ತಲೆ ಎರಡು ದಿನದಲ್ಲಿ ಕಪ್ಪಾಗುವುದನ್ನು ನೋಡಿದ್ದೀರಲ್ಲ, ಅದೂ ಇದೇ ಜಾತಿಯ ಕಿಣ್ವದ ಕೆಲಸ. ತೋಟದ ಕಾಳನ್ನೂ ಕಡಲಿನ ಸಿಗಡಿಯನ್ನೂ ಕಪ್ಪಾಗಿಸುವ ಕೈ ಒಂದೇ ಎಂದು ತಿಳಿದ ದಿನ ನನಗೆ ಆದ ಸಂತೋಷ ಇನ್ನೂ ನೆನಪಿದೆ.

ಮೆಣಸಿನ ಖಾರ ಪೈಪರೀನ್‌ನದು, ಮೆಣಸಿನಕಾಯಿಯ ಖಾರ ಕ್ಯಾಪ್ಸೈಸಿನ್‌ನದು. ಎರಡೂ ತಟ್ಟುವುದು ಒಂದೇ ಬಾಗಿಲನ್ನು. ನಮ್ಮ ನರಗಳಲ್ಲಿ ಸುಮಾರು 43 ಡಿಗ್ರಿಗಿಂತ ಹೆಚ್ಚಿನ ಬಿಸಿಯನ್ನು ಗುರುತಿಸುವ ಪ್ರೊಟೀನ್ ಒಂದಿದೆ. 1997ರಲ್ಲಿ ಅದನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಖಾರ ಎಂಬುದು ರುಚಿಯಲ್ಲ, ಬಾಯಿ ಸುಡುತ್ತಿದೆ ಎಂದು ನರ ಮಿದುಳಿಗೆ ಕಳಿಸುವ ಸುದ್ದಿ. ಮೆಣಸಿನಕಾಯಿ ಅಮೆರಿಕ ಖಂಡದಿಂದ ಬಂದದ್ದು, ಪೋರ್ಚುಗೀಸರು ಬಂದ ನಂತರದ ಮಾತು. ಅದಕ್ಕೂ ಹಿಂದೆ ಈ ಬೆಟ್ಟಗಳಲ್ಲಿ ಆ ಬಾಗಿಲು ತಟ್ಟಿದ್ದು ಕರಿಮೆಣಸು. ಇಂದು ಬ್ಯಾಡಗಿಯಿಂದ ನಾವು ಪಡೆಯುವುದು ಹೆಚ್ಚಾಗಿ ಬಣ್ಣವನ್ನು, ಖಾರವನ್ನು ಮೆಣಸಿಗೇ ಬಿಡುವುದು ನನಗೆ ಸರಿ ಎನಿಸುತ್ತದೆ. ಮೆಣಸನ್ನು ಬೆಚ್ಚಗೆ ಮಾಡಿದರೆ ಸಾಕು, ಹುರಿಯಬೇಡಿ. ಖಾರ ಎಲ್ಲಿಗೂ ಹೋಗುವುದಿಲ್ಲ, ಹೋಗುವುದು ಪರಿಮಳ.

ಪುಡಿ ಮಾಡುವಾಗಿನ ಲೆಕ್ಕವೂ ಸೊಗಸಾಗಿದೆ. 5 ಮಿಲಿಮೀಟರಿನ ಒಂದು ಕಾಳನ್ನು ಅರ್ಧ ಮಿಲಿಮೀಟರಿನ ಚೂರುಗಳಾಗಿ ಒಡೆದರೆ ಸಾವಿರ ಚೂರುಗಳಾಗುತ್ತವೆ, ಹೊರಮೈ ಹತ್ತು ಪಟ್ಟು ಹೆಚ್ಚುತ್ತದೆ. ರುಚಿ ಹೊರಬರುವ ದಾರಿ ಹತ್ತು ಪಟ್ಟು ಅಗಲವಾದಂತೆ ಘಮ ಹಾರಿಹೋಗುವ ದಾರಿಯೂ ಅಷ್ಟೇ ಅಗಲವಾಗುತ್ತದೆ. ಹುರಿದದ್ದು ಪೂರ್ತಿ ಆರಿದ ಮೇಲೆ ಮಿಕ್ಸಿಗೆ ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು. ಜಾರ್ ಬಿಸಿಯಾಯಿತೆಂದರೆ ಅಡುಗೆಮನೆ ಘಮಘಮ ಎನ್ನುತ್ತದೆ, ಆ ಘಮ ಡಬ್ಬಿಯಲ್ಲಿ ಇರಬೇಕಾದದ್ದು.

ಪೈಪರೀನ್ ನೀರಿಗೆ ಒಲಿಯದ ವಸ್ತು. ಒಂದು ಲೀಟರ್ ನೀರಿನಲ್ಲಿ ಕರಗುವುದು ಸುಮಾರು 40 ಮಿಲಿಗ್ರಾಂ. ಕ್ಯಾಪ್ಸೈಸಿನ್, ಅರಿಶಿನದ ಕರ್ಕ್ಯುಮಿನ್, ಬ್ಯಾಡಗಿಯ ಕೆಂಪು ಇವೂ ಎಣ್ಣೆಯ ಕಡೆಯವೇ. ಪುಡಿಯನ್ನು ನೇರವಾಗಿ ಕುದಿಯುವ ಸಾರಿಗೆ ಉದುರಿಸಿದರೆ ಅದು ಮೇಲೆ ತೇಲುತ್ತದೆ, ಸಾರು ಮಣ್ಣುನೀರಿನ ಹಾಗೆ ಕಾಣುತ್ತದೆ. ಈರುಳ್ಳಿ ಬಾಡಿದ ತೆಂಗಿನೆಣ್ಣೆಯಲ್ಲಿ ಸಣ್ಣ ಉರಿಗೆ ಒಂದು ನಿಮಿಷ ಬಾಡಿಸಿ ನೋಡಿ. ಪುಡಿ ಮೊದಲು ಎಣ್ಣೆ ಕುಡಿದು ಉಂಡೆಯಾಗುತ್ತದೆ, ಆಮೇಲೆ ಅಂಚಿನಿಂದ ಕೆಂಪು ಎಣ್ಣೆ ಜಿನುಗತೊಡಗುತ್ತದೆ. ಜಿನುಗಿದ್ದು ಕಂಡ ಕೂಡಲೇ ನೀರು ಹಾಕಬೇಕು, ಇಲ್ಲದಿದ್ದರೆ ಸೀಯುತ್ತದೆ.

ಈಗ ವಾಸನೆ. ಕಡಲ ಮೀನಿನ ಮೈಯಲ್ಲಿ ಟಿಎಂಎಒ ಎಂಬ ಅಣು ತುಂಬಿರುತ್ತದೆ. ಹೊರಗಿನ ಉಪ್ಪುನೀರಿಗೆ ಒಳಗಿನ ನೀರನ್ನು ಸರಿತೂಗಿಸಲು, ಆಳದ ಒತ್ತಡದಲ್ಲಿ ಪ್ರೊಟೀನುಗಳನ್ನು ಕಾಪಾಡಲು ಅದು ಬೇಕು, ವಾಸನೆಯೂ ಇಲ್ಲ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಅದನ್ನು ಟ್ರೈಮೀಥೈಲಮೀನ್ ಮಾಡುತ್ತವೆ. ನಾವು ಮೀನು ನಾತ ಎನ್ನುವುದು ಅದನ್ನೇ. ಘಾಟಿ ಹತ್ತಿ ಬರುವ ಹೊತ್ತು ಹೆಚ್ಚಾದಷ್ಟೂ ಅದು ಹೆಚ್ಚು. ಹೊಳೆಮೀನಿನಲ್ಲಿ ಟಿಎಂಎಒ ಬಹಳ ಕಡಿಮೆ, ಅದರ ಮೈಗೆ ಬರುವುದು ಮಣ್ಣಿನ ವಾಸನೆ. ಅದು ಜಿಯೋಸ್ಮಿನ್ ಎಂಬ ಅಣುವಿನದು. ಮಣ್ಣು, ಕೆಸರಿನ ಸೂಕ್ಷ್ಮಜೀವಿಗಳು ಮಾಡುವಂಥದ್ದು, 1965ರಲ್ಲಿ ಹೆಸರು ಪಡೆದದ್ದು. ಮೊದಲ ಮಳೆ ಬಿದ್ದಾಗ ಏಳುವ ಮಣ್ಣಿನ ಕಂಪೂ ಮುಖ್ಯವಾಗಿ ಇದೇ. ಲಕ್ಷ ಕೋಟಿ ಪಾಲು ನೀರಿನಲ್ಲಿ ಐದು ಹತ್ತು ಪಾಲು ಇದ್ದರೂ ನಮ್ಮ ಮೂಗು ಹಿಡಿಯುತ್ತದೆ. ಅಂಗಳದಲ್ಲಿ ಹಿತವಾದದ್ದು ತಟ್ಟೆಯಲ್ಲಿ ಹಿತವಲ್ಲ.

ಈ ಎರಡಕ್ಕೂ ಉತ್ತರ ಕಾಚಂಪುಳಿ. ಮಳೆಗಾಲದಲ್ಲಿ ಕಳಿತ ಪಣಂಪುಳಿ ಹಣ್ಣುಗಳನ್ನು ಬುಟ್ಟಿಯಲ್ಲಿ ಹಾಕಿಟ್ಟು, ಕೆಳಗೆ ತೊಟ್ಟಿಕ್ಕುವ ರಸವನ್ನು ಹಿಡಿದು, ಕಪ್ಪಗೆ ಗಟ್ಟಿಯಾಗುವ ತನಕ ಕಾಯಿಸಿದರೆ ಆಗುವುದು ಅದು. ಮಲೆನಾಡಿನವರ ಉಪ್ಪಾಗೆ, ಕೇರಳದವರ ಕುಡಂಪುಳಿ ಇದೇ ಮರದ್ದು, ಅವರು ಸಿಪ್ಪೆ ಒಣಗಿಸುತ್ತಾರೆ. ಇದರ ಮುಖ್ಯ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ತೋರಿಸಿಕೊಟ್ಟವರು ನಮ್ಮ ಪಕ್ಕದ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿದ್ದ ಲೂಯಿಸ್ ಮತ್ತು ನೀಲಕಂಠನ್. ಟ್ರೈಮೀಥೈಲಮೀನ್‌ಗೆ ಆಮ್ಲ ತಗುಲಿದರೆ ಅದರಿಂದ ಒಂದು ಹೈಡ್ರೋಜನ್ ಅಯಾನು ಪಡೆದು ವಿದ್ಯುದಂಶ ಕಟ್ಟಿಕೊಳ್ಳುತ್ತದೆ. ಅಂಥ ಅಣು ನೀರಿನಲ್ಲೇ ಉಳಿಯುತ್ತದೆ, ಗಾಳಿಗೆ ಹಾರದು, ಮೂಗಿಗೆ ಮುಟ್ಟದು. ಜಿಯೋಸ್ಮಿನ್ ಕೂಡ ಆಮ್ಲದ ಎದುರು ಒಡೆದು ವಾಸನೆ ಕಳೆದುಕೊಳ್ಳುತ್ತದೆ. ವಿನೆಗರಿನ ಹುಳಿ ಕುದಿಯುವಾಗ ಸ್ವಲ್ಪ ಹಾರಿಹೋಗುತ್ತದೆ, ಕಾಚಂಪುಳಿಯದು ಹಾಗೆ ಹಾರುವುದಿಲ್ಲ. ಅರ್ಧ ಕಿಲೋ ಮೀನಿಗೆ ಒಂದು ಟೀ ಚಮಚ ಕಾಚಂಪುಳಿ, ಉಪ್ಪು, ಒಂದು ಚಮಚ ಪುಡಿ ಸವರಿ ಹದಿನೈದು ನಿಮಿಷ ಇಡಿ. ಗಂಟೆಗಟ್ಟಲೆ ಇಟ್ಟರೆ ಹುಳಿಯೇ ಮೀನಿನ ಪ್ರೊಟೀನನ್ನು ಬಿಗಿಯಾಗಿಸಿ ತುಂಡು ಪುಡಿಪುಡಿಯಾಗುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿ ಲೋಹವನ್ನು ತಿನ್ನುತ್ತದೆ. ಮಣ್ಣಿನ ಚಟ್ಟಿಯೇ ಒಳ್ಳೆಯದು.

ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ಪ್ರಯಾಣದಲ್ಲಿ ಒಂದು ಕಡೆ ಬಂಗುಡೆ ಫ್ರೈ ತಿಂದೆ. ಅರ್ಧ ಗಂಟೆಯಲ್ಲಿ ಮುಖ ಕೆಂಪಾಗಿ ಉರಿಯಿತು, ತಲೆ ಸಿಡಿಯಿತು, ಮೈ ತುರಿಸಿತು. ಮಸಾಲೆ ರುಚಿಯಾಗಿಯೇ ಇತ್ತು. ಬಂಗುಡೆ, ಮತ್ತಿ, ಕೇದರ (ಟ್ಯೂನಾ) ಇಂಥ ಮೀನು ಐಸಿಲ್ಲದೆ ಬಿಸಿಯಲ್ಲಿ ಕುಳಿತರೆ ಅದರ ಮೈಯ ಹಿಸ್ಟಿಡಿನ್ ಅನ್ನು ಬ್ಯಾಕ್ಟೀರಿಯಾಗಳು ಹಿಸ್ಟಮಿನ್ ಮಾಡುತ್ತವೆ. ಕುದಿಸಿದರೂ ಕರಿದರೂ ಹಿಸ್ಟಮಿನ್ ಹೋಗುವುದಿಲ್ಲ, ಯಾವ ಹುಳಿಗೂ ಮೆಣಸಿಗೂ ಬಗ್ಗುವುದಿಲ್ಲ, ಎಷ್ಟೋ ಸಲ ವಾಸನೆಯಲ್ಲೂ ತಿಳಿಯುವುದಿಲ್ಲ. ಗಾಡಿಯಲ್ಲಿ ಮೀನಿನ ಜೊತೆ ಐಸ್ ಇದೆಯೇ ಎಂದು ನೋಡಿ ಕೊಳ್ಳಿ, ಮನೆಗೆ ತಂದ ಕೂಡಲೇ ಫ್ರಿಜ್ಜಿಗೆ ಇಡಿ.

ಸಿಗಡಿಗೆ ಪುಡಿ ಅರ್ಧ ಸಾಕು, ಹುಳಿ ಅದಕ್ಕೂ ಕಡಿಮೆ. ಅದರ ಸಿಹಿ ಗ್ಲೈಸಿನ್ ಎಂಬ ಅಮೈನೋ ಆಮ್ಲದ್ದು, ಖಾರ ಜಾಸ್ತಿಯಾದರೆ ಅದು ತಿಳಿಯುವುದೇ ಇಲ್ಲ. ಏಡಿಗೆ ಮಾತ್ರ ಧಾರಾಳವಾಗಿ ಹಾಕಬಹುದು, ಮಸಾಲೆಗೂ ಮಾಂಸಕ್ಕೂ ನಡುವೆ ಚಿಪ್ಪಿದೆ. ಮೀನು ಕಾವಲಿಯಲ್ಲಿ ಹುರಿಯುವುದಾದರೆ ಪುಡಿಯೊಳಗಿನ ಅಕ್ಕಿ ಕೆಲಸಕ್ಕೆ ಬರುತ್ತದೆ. ಅದು ಮೀನಿನ ಹೊರಮೈಯ ನೀರು ಹೀರಿ ಗರಿಗರಿ ಕವಚವಾಗುತ್ತದೆ.

ಪುಡಿ ಇಡುವುದು ಕೊಡಗಿನಲ್ಲಿ ಸುಲಭವಲ್ಲ. ಜೂನ್ ಬಂತೆಂದರೆ ಗೋಡೆಯೂ ಬೆವರುತ್ತದೆ, ಪುಡಿ ನೀರು ಹೀರಿ ಗಂಟು ಕಟ್ಟುತ್ತದೆ, ಗಂಟಿನಲ್ಲಿ ಬೂಷ್ಟು ಹಿಡಿಯುತ್ತದೆ. ಬೂಷ್ಟು ಕಂಡ ಪುಡಿಯನ್ನು ಮೇಲಿನಿಂದ ತೆಗೆದು ಉಳಿದದ್ದನ್ನು ಬಳಸಬಾರದು, ಪೂರ್ತಿ ಚೆಲ್ಲಬೇಕು. ಗಾಜಿನ ಬಾಟಲಿ ಕಿಟಕಿಯಲ್ಲಿ ಚೆಂದ ಕಂಡರೂ ಬೆಳಕಿಗೆ ಪೈಪರೀನ್ ಆಕಾರ ಬದಲಿಸಿ ಖಾರ ಕಳೆದುಕೊಳ್ಳುತ್ತದೆ, ಕರ್ಕ್ಯುಮಿನ್ ಬಣ್ಣ ಕಳೆದುಕೊಳ್ಳುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಒಣ ಚಮಚ, ಒಂದು ತಿಂಗಳಿಗಾಗುವಷ್ಟೇ ಪುಡಿ.

ಜೂನ್ 1ರಿಂದ ಜುಲೈ 31ರ ತನಕ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ. ಗಾಡಿಯ ಹಾರ್ನ್ ಅಪರೂಪವಾಗುತ್ತದೆ. ಕಕ್ಕಡ ತಿಂಗಳ ಮಳೆಯಲ್ಲಿ ಅಟ್ಟದಿಂದ ಒಣಮೀನು ಇಳಿಯುತ್ತದೆ. ಅದನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ನೀರು ಚೆಲ್ಲಿ, ಇದೇ ಪುಡಿ ಎರಡು ಚಮಚ ಎಣ್ಣೆಯಲ್ಲಿ ಬಾಡಿಸಿ ಹಾಕುತ್ತೇವೆ. ಉಪ್ಪಿನ ಡಬ್ಬಿಗೆ ಆ ದಿನ ಕೈ ಹೋಗುವುದಿಲ್ಲ. ಪಕ್ಕದ ಒಲೆಯಲ್ಲಿ ಅಕ್ಕಿರೊಟ್ಟಿ ಸುಡುತ್ತಿರುತ್ತದೆ.