ಎರಡು ಭಾಷೆಯ ಸರ್ಕಾರ: ಕೆನಡಾದ ಕೌಂಟರ್, ಕಾನೂನು, ಕಡತ, ದೂರು

ದ್ವಿಭಾಷಾ ಸರ್ಕಾರ ಅಂದರೆ ದೇಶದ ಎಲ್ಲರಿಗೂ ಎರಡು ಭಾಷೆ ಬರಬೇಕು ಅಂತ ತುಂಬ ಜನ ಅಂದುಕೊಂಡಿರುತ್ತಾರೆ. ಕೆನಡಾದ ಬಗ್ಗೆ ಓದುವಾಗ ಮೊದಲು ಬಿಡಬೇಕಾದ್ದು ಈ ಕಲ್ಪನೆಯನ್ನೇ. 2021ರ ಜನಗಣತಿಯಲ್ಲಿ ಇಂಗ್ಲಿಷ್, ಫ್ರೆಂಚ್ ಎರಡೂ ಮಾತಾಡಬಲ್ಲವರು ಸುಮಾರು ಶೇ. 18 ಮಾತ್ರ. ಉಳಿದವರು ತಮಗೆ ಬರುವ ಒಂದೇ ಭಾಷೆಯಲ್ಲಿ ಕೆಲಸ ಮುಗಿಸಿಕೊಳ್ಳಲಿ ಅಂತಲೇ ಸರ್ಕಾರ ಎರಡನ್ನೂ ಹೊತ್ತುಕೊಂಡಿದೆ. ಹೊರೆ ಕಚೇರಿಯ ಮೇಲಿದೆ. ಉಳಿದ ನಿಯಮಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ಅಧಿಕೃತ ಭಾಷೆಗಳ ಕಾಯ್ದೆ ಬಂದದ್ದು 1969ರಲ್ಲಿ. 1982ರಲ್ಲಿ ಅದು ಸಂವಿಧಾನದ ಹಕ್ಕಾಯಿತು, 1988ರಲ್ಲಿ ಹೊಸ ಕಾಯ್ದೆ ಬಂತು. ನೆನಪಿಡಿ, ಇದು ಕೇಂದ್ರ ಸರ್ಕಾರಕ್ಕೆ ಮಾತ್ರ. ಪ್ರಾಂತ್ಯಗಳ ಲೆಕ್ಕ ಬೇರೆ.

ಕೌಂಟರ್‌ನಲ್ಲಿ ಇದು ಹೇಗೆ ಕಾಣುತ್ತದೆ? ಸಿಬ್ಬಂದಿಯೇ ಮೊದಲು "ಹಲೋ, ಬೊಂಜೂರ್" ಅನ್ನಬೇಕು. ಬಂದವರು "ಫ್ರೆಂಚ್ ಬರುತ್ತಾ?" ಅಂತ ಕೇಳುವ ಹಾಗಾಗಬಾರದು. ನನಗೆ ಇಡೀ ಕಾಯ್ದೆಯಲ್ಲಿ ಜಾಸ್ತಿ ಇಷ್ಟವಾದದ್ದು ಇದೇ. ಕನ್ನಡ ಬಾರದ ಕೌಂಟರ್ ಮುಂದೆ ಚೀಟಿ ಹಿಡಿದು, ಕೇಳಲೋ ಬೇಡವೋ ಅಂತ ನಿಂತ ಹಿರಿಯರನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ? ಹಕ್ಕಿದ್ದರೂ ಕೇಳುವುದಕ್ಕೆ ಸಂಕೋಚ. ಆ ಸಂಕೋಚವನ್ನೇ ಈ ನಿಯಮ ತೆಗೆದುಹಾಕುತ್ತದೆ. ಆದರೆ ಎಲ್ಲ ಕಚೇರಿಗೂ ಇದು ಅನ್ವಯಿಸುವುದಿಲ್ಲ. ಮುಖ್ಯ ಕಚೇರಿಗಳು ಮತ್ತು ರಾಜಧಾನಿ ಒಟ್ಟಾವಾ ಪ್ರದೇಶದಲ್ಲಿ ಕಡ್ಡಾಯ. ಬೇರೆ ಕಡೆ ಆ ಭಾಷೆಗೆ ಸಾಕಷ್ಟು ಬೇಡಿಕೆ ಇದೆಯಾ ಅಂತ ನೋಡುತ್ತಾರೆ.

ಇನ್ನು ಕಾನೂನಿನ ಪಠ್ಯ. ಪುಟದಲ್ಲಿ ಎರಡು ಕಾಲಂ, ಇಂಗ್ಲಿಷ್ ಮತ್ತು ಫ್ರೆಂಚ್ ಅಕ್ಕಪಕ್ಕ. ಒಂದು ಮೂಲ, ಇನ್ನೊಂದು ಅನುವಾದ ಅಂತಿಲ್ಲ. ಎರಡಕ್ಕೂ ಸಮಾನ ಬಲ. ಎರಡೂ ಬೇರೆ ಬೇರೆ ಅರ್ಥ ಕೊಟ್ಟರೆ? ಕ್ವಿಬೆಕ್‌ನ ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಯ ಕೇಸು ಇದಕ್ಕೆ ಒಳ್ಳೆಯ ಉದಾಹರಣೆ. ಪೊಲೀಸರು ಮಾರುವೇಷದಲ್ಲಿ ಹೋಗಿ, ಕದ್ದ ಮಾಲು ಎನ್ನುವಂತೆ ಸಾಮಾನು ಮಾರಿದರು. ಅಂಗಡಿಯವರು ಕೊಂಡರು. ಅಪರಾಧದಿಂದ ಬಂದ ಆಸ್ತಿಯ ಮೂಲ ಮರೆಮಾಚುವ ಕೃತ್ಯ ಅಂತ ಕೇಸು ಬಿತ್ತು. ಇಂಗ್ಲಿಷ್ ಪಠ್ಯದಲ್ಲಿ ಕೃತ್ಯಗಳ ಪಟ್ಟಿಯ ಕೊನೆಗೆ "ಬೇರೆ ಯಾವುದೇ ರೀತಿ ವ್ಯವಹರಿಸಿದರೂ" ಎನ್ನುವ ಅರ್ಥದ ಮಾತಿತ್ತು. ಫ್ರೆಂಚ್ ಪಠ್ಯದಲ್ಲಿ ಅದಿರಲಿಲ್ಲ, ಪಟ್ಟಿಯಲ್ಲಿ "ಕೊಳ್ಳುವುದು" ಕೂಡ ಇರಲಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟ್ ಎರಡೂ ಪಠ್ಯಕ್ಕೆ ಒಪ್ಪುವ ಅರ್ಥವನ್ನೇ ಹಿಡಿಯಿತು, ಅಂದರೆ ಕಿರಿದಾದ ಫ್ರೆಂಚ್ ಅರ್ಥವನ್ನು. ಅಂಗಡಿಯವರ ಬಿಡುಗಡೆ ಖಾಯಂ ಆಯಿತು. ಇಂಗ್ಲಿಷ್ ಮಾತ್ರ ಓದಿದ ವಕೀಲರಿಗೆ ಈ ದಾರಿ ಕಾಣುತ್ತಲೇ ಇರಲಿಲ್ಲ.

ಕಡತಗಳ ನಿಯಮ ಇಷ್ಟು ಬಿಗಿ ಇಲ್ಲ. ನಮ್ಮ ಆರ್‌ಟಿಐಯಂಥ ಮಾಹಿತಿ ಕಾಯ್ದೆ ಅಲ್ಲಿ 1983ರಿಂದ ಇದೆ. ಕೇಳಿದ ಕಡತ ನಿಮ್ಮ ಭಾಷೆಯಲ್ಲಿ ಇದ್ದರೆ ಕೊಡುತ್ತಾರೆ. ಇಲ್ಲದಿದ್ದರೆ, ಸಾರ್ವಜನಿಕ ಹಿತಕ್ಕೆ ಬೇಕು ಅಂತ ಇಲಾಖೆಯ ಮುಖ್ಯಸ್ಥರಿಗೆ ಅನಿಸಿದರೆ ಮಾತ್ರ ಅನುವಾದ.

ದೂರು ಕೇಳಲು ಪ್ರತ್ಯೇಕ ಭಾಷಾ ಆಯುಕ್ತರಿದ್ದಾರೆ. ಅವರು ವರದಿ ಕೊಡುವುದು ನೇರ ಸಂಸತ್ತಿಗೆ. ಯಾರು ಬೇಕಾದರೂ ದೂರು ಕೊಡಬಹುದು. ಆ ಭಾಷೆ ನಿಮ್ಮದಾಗಿರಲೇಬೇಕು ಅಂತ ಇಲ್ಲ. ಇಂಗ್ಲಿಷ್ ಮಾತಾಡುವವರು ಫ್ರೆಂಚ್ ಪರವಾಗಿ ದೂರಬಹುದು! ಆಯುಕ್ತರ ಕೈಯಲ್ಲಿ ಮೊದಲು ತನಿಖೆ, ಶಿಫಾರಸು ಇಷ್ಟೇ ಇತ್ತು. ಸಮಾಧಾನವಾಗದವರು ಕೆಲವು ಹಕ್ಕುಗಳಿಗಾಗಿ ಫೆಡರಲ್ ಕೋರ್ಟಿಗೆ ಹೋಗಬಹುದಿತ್ತು, ಈಗಲೂ ಹೋಗಬಹುದು. 2023ರ ತಿದ್ದುಪಡಿ ಆಯುಕ್ತರಿಗೆ ಆದೇಶ ಹೊರಡಿಸುವ ಅಧಿಕಾರವನ್ನೂ ಕಾಯ್ದೆಗೆ ಸೇರಿಸಿತು.

ಪರೀಕ್ಷೆಗೆ ಓದುವವರು ನಮ್ಮ ಸಂವಿಧಾನದ 350ನೇ ವಿಧಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಕೇಂದ್ರದ ಕಚೇರಿಗೂ ನಾವು ಕನ್ನಡದಲ್ಲೇ ಅಹವಾಲು ಬರೆಯಬಹುದು. ಉತ್ತರ ಯಾವ ಭಾಷೆಯಲ್ಲಿ ಬರಬೇಕು ಅನ್ನುವುದರ ಬಗ್ಗೆ ಆ ವಿಧಿಯಲ್ಲಿ ಒಂದು ಮಾತೂ ಇಲ್ಲ.