ಸಣ್ಣ ಟ್ರ್ಯಾಕ್ಟರಿಗೆ ಪಂಕ್ಚರ್ ಆಗದ ಟೈರ್ ಮಾಡಿಸಲೇ?

ಪ್ರಶ್ನೆ: ಪಾಂಡವಪುರದ ಹತ್ತಿರ ನಾಲೆ ಬಯಲಿನಲ್ಲಿ ನಮಗೆ ಎರಡು ಎಕರೆ ಕಬ್ಬಿದೆ, ಮೇಲಿನ ಹೊಲದಲ್ಲಿ ರಾಗಿ. ಟ್ರ್ಯಾಕ್ಟರ್ 24 ಎಚ್‌ಪಿಯದು, ನಾಲ್ಕೂ ಚಕ್ರಕ್ಕೆ ಎಳೆತ ಇರುವಂಥದ್ದು. ಕಬ್ಬು ಕಡಿದು, ಉಳಿದ ಬುಡದಿಂದ ಮತ್ತೆ ಬೆಳೆ ತೆಗೆಯುವ ಕೂಳೆ ಕೆಲಸ ಶುರುವಾದ ಮೇಲೆ ಒಂದೇ ತಿಂಗಳಲ್ಲಿ ನಾಲ್ಕು ಸಲ ಪಂಕ್ಚರ್ ಆಯಿತು. ಗಾಳಿಯ ಬದಲು ಫೋಮ್ ತುಂಬಿಸಿಬಿಟ್ಟರೆ ಮತ್ತೆಂದೂ ಪಂಕ್ಚರ್ ಆಗೊಲ್ಲ ಅನ್ನುತ್ತಾರೆ. ತುಂಬಿಸಲೇ?

ಉತ್ತರ: ಈಗಲೇ ತುಂಬಿಸಬೇಡಿ.

ನಿಮ್ಮ ಕಷ್ಟ ನನಗೆ ಚೆನ್ನಾಗಿ ಗೊತ್ತು. ಗದ್ದೆ ನಡುವೆ ಹಿಂದಿನ ಚಕ್ರ ಕೂತರೆ, ಮೆತ್ತನೆ ನೆಲದಲ್ಲಿ ಟ್ರ್ಯಾಕ್ಟರ್ ಏಳುವ ಬದಲು ಜಾಕೇ ಕೆಳಗಿಳಿಯುತ್ತದೆ. ಹಲಗೆ ಹುಡುಕಿ, ನಾಲ್ಕು ಜನ ಸೇರಿ ಚಕ್ರ ಬಿಚ್ಚಿ, ಅದನ್ನು ಅಂಗಡಿಗೆ ಸಾಗಿಸಿ ತರುವಷ್ಟರಲ್ಲಿ ಕಟ್ಟು ನೀರಿನ ಸರದಿ ಮುಗಿದಿರುತ್ತದೆ. ಅಂಥ ದಿನ ಯಾರು ಏನು ಹೇಳಿದರೂ ಒಪ್ಪಿಕೊಳ್ಳುವ ಮನಸ್ಸಾಗುತ್ತದೆ. ಆದರೆ ಫೋಮ್ ಒಮ್ಮೆ ಒಳಗೆ ಹೋದರೆ ಹಿಂದಕ್ಕೆ ಬಾರದು, ಅದಕ್ಕೇ ನಿಧಾನಿಸಿ ಅನ್ನುತ್ತಿದ್ದೇನೆ.

ಈ ಫೋಮ್ ಪಾಲಿಯುರೆಥೇನ್ ಜಾತಿಯದು. ಎರಡು ದ್ರವಗಳನ್ನು ಬೆರೆಸಿ ವಾಲ್ವಿನ ಮೂಲಕ ಒತ್ತಡದಲ್ಲಿ ತುಂಬುತ್ತಾರೆ, ಅದು ಒಳಗೇ ಹೆಪ್ಪುಗಟ್ಟಿ ರಬ್ಬರಿನಂತಾಗುತ್ತದೆ. ಮೊಳೆ ಹೊಕ್ಕರೂ ಇಳಿಯಲು ಒಳಗೆ ಗಾಳಿಯೇ ಇಲ್ಲ. ಗುಜರಿ ಯಾರ್ಡು, ಕಟ್ಟಡ ಕೆಡವುವ ಜಾಗ, ಗಣಿ ಇಂಥ ಕಡೆ ನಿಧಾನವಾಗಿ ಓಡಾಡುವ ಯಂತ್ರಗಳಿಗೆ ಇದು ಹೇಳಿ ಮಾಡಿಸಿದ್ದು. ಟೈರು ಸವೆದ ದಿನ ಮಾತ್ರ ಫೋಮನ್ನೂ ಅದರ ಜೊತೆಗೇ ಕತ್ತರಿಸಿ ಎಸೆಯಬೇಕು. ಅಂದರೆ ಟೈರಿನ ಜೊತೆ ಫೋಮಿನ ದುಡ್ಡೂ ಹೋಯಿತು.

ಮೊದಲು ತೂಕದ ಲೆಕ್ಕ ಹಾಕಿ. ಫೋಮ್ ಹೆಚ್ಚುಕಡಿಮೆ ನೀರಿನಷ್ಟೇ ಭಾರ. ಹಿಂದಿನ ಒಂದು ಟೈರಿನೊಳಗೆ 80 ಲೀಟರ್ ಜಾಗ ಇದೆ ಅಂದುಕೊಳ್ಳಿ, ಎರಡು ಚಕ್ರಕ್ಕೆ ಸುಮಾರು 160 ಕಿಲೋ. ಟನ್ನಿಗೂ ಒಳಗೆ ತೂಗುವ ಟ್ರ್ಯಾಕ್ಟರಿಗೆ ಇದು ಸಣ್ಣ ಹೊರೆಯಲ್ಲ. ಉಳುವಾಗ ಚಕ್ರ ಜಾರದಿರಲಿ ಎಂದು ತೂಕ ಬೇಕೇ ಬೇಕಾದರೆ ಟ್ಯೂಬಿಗೆ ಮುಕ್ಕಾಲು ಪಾಲು ನೀರು ತುಂಬಿಸಬಹುದು. ಚಳಿ ದೇಶಗಳಲ್ಲಿ ನೀರು ಹೆಪ್ಪುಗಟ್ಟದಿರಲು ಅದಕ್ಕೆ ಉಪ್ಪು ಬೆರೆಸುತ್ತಾರೆ, ಮಂಡ್ಯದಲ್ಲಿ ಆ ಚಿಂತೆಯಿಲ್ಲ. ನೀರಾದರೆ ಬೇಡವೆನಿಸಿದ ದಿನ ಬಿಟ್ಟುಬಿಡಬಹುದು.

ಇನ್ನು ಗಾಳಿಯ ವಿಷಯ. ಟ್ರ್ಯಾಕ್ಟರುಗಳು ಮೊದಲು ಹಲ್ಲುಗಳಿದ್ದ ಕಬ್ಬಿಣದ ಚಕ್ರದ ಮೇಲೆ ಓಡುತ್ತಿದ್ದವು. 1932ರಲ್ಲಿ ಅಮೆರಿಕದ ಆಲಿಸ್-ಚಾಮರ್ಸ್ ಕಂಪನಿ ತನ್ನ ‘ಯು’ ಮಾದರಿಗೆ ಗಾಳಿ ಟೈರ್ ಕೊಟ್ಟಿತು, ಕೆಲವೇ ವರ್ಷಗಳಲ್ಲಿ ಕಬ್ಬಿಣದ ಚಕ್ರ ಹಿಂದೆ ಸರಿಯಿತು. ಕಾರಿಗಿರುವ ಸ್ಪ್ರಿಂಗು ಸಣ್ಣ ಟ್ರ್ಯಾಕ್ಟರಿನ ಹಿಂದಿನ ಆಕ್ಸಲ್‌ಗೆ ಇಲ್ಲ. ಬದು ಹತ್ತಿ ಇಳಿಯುವಾಗ ನಿಮ್ಮ ಸೊಂಟವನ್ನೂ ಬೇರಿಂಗುಗಳನ್ನೂ ಕಾಯುವುದು ಟೈರಿನೊಳಗಿನ ಗಾಳಿ. ಮೇಲ್ಮಣ್ಣನ್ನು ಕಾಯುವುದೂ ಅದೇ. ಹೊಲದಲ್ಲಿ ಒತ್ತಡ ತಗ್ಗಿಸಿದರೆ ಟೈರು ಅಗಲವಾಗಿ ಹರಡಿ ಮಣ್ಣನ್ನು ಕಡಿಮೆ ತುಳಿಯುತ್ತದೆ, ರಸ್ತೆಗೆ ಹೊರಡುವಾಗ ಏರಿಸಿಕೊಂಡರಾಯಿತು. ಫೋಮ್ ಟೈರಿಗೆ ಎಲ್ಲ ಕಡೆಯೂ ಒಂದೇ ಗಟ್ಟಿತನ. ನಾಲೆ ಬಯಲಿನ ಒದ್ದೆ ಮಣ್ಣು ಒಮ್ಮೆ ಬಿಗಿದುಕೊಂಡರೆ ಕೂಳೆಯ ಬೇರು ಇಳಿಯಲು ಒದ್ದಾಡುತ್ತದೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ನಷ್ಟ, ಯಾವ ಬಿಲ್ಲಿನಲ್ಲೂ ಕಾಣದ ನಷ್ಟ.

ಹಾಗಾದರೆ ನಾಲ್ಕು ಪಂಕ್ಚರಿಗೆ ಏನು ಮಾಡುವುದು? ನಾಲ್ಕೂ ಒಂದೇ ಚಕ್ರದಲ್ಲಿ ಆಗಿದ್ದರೆ, ನಾಲ್ಕು ಮುಳ್ಳಲ್ಲ, ಒಂದೇ ಮುಳ್ಳು ಎಂದು ನನ್ನ ಗುಮಾನಿ. ಬೇಲಿಗೆ ಹಾಕುವ ಬಳ್ಳಾರಿ ಜಾಲಿಯ ಒಣಮುಳ್ಳು ಟೈರಿನಲ್ಲಿ ಹೊಕ್ಕು ಅಲ್ಲೇ ಮುರಿಯುತ್ತದೆ. ಹೊರಗಿನಿಂದ ಕಾಣುವುದಿಲ್ಲ. ಒಳಗೆ ಅಕ್ಕಿಕಾಳಿನಷ್ಟು ಮೊನೆ ಉಳಿದಿರುತ್ತದೆ. ಅಂಗಡಿಯವರು ಟ್ಯೂಬಿಗೆ ಪ್ಯಾಚ್ ಹಾಕಿ ಕೊಡುತ್ತಾರೆ, ಟ್ರ್ಯಾಕ್ಟರ್ ಗದ್ದೆಗಿಳಿದು ಟೈರು ಬಳುಕಿದೊಡನೆ ಆ ಮೊನೆ ಪಕ್ಕದಲ್ಲೇ ಮತ್ತೊಂದು ತೂತು ಮಾಡುತ್ತದೆ. ನಮ್ಮ ಮನೆಯ ಟ್ರ್ಯಾಕ್ಟರಿನಲ್ಲೂ ಹೀಗೇ ಆಗಿತ್ತು. ಮೂರನೆಯ ಪ್ಯಾಚು ಹಾಕಿಸಿದ ಮೇಲೆ ಮೊನೆ ಸಿಕ್ಕಿತು.

ಮುಂದಿನ ಸಲ ಟೈರ್ ಬಿಚ್ಚುವ ಮೊದಲು ವಾಲ್ವ್ ಇರುವ ಕಡೆ ಟೈರಿನ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ. ಟ್ಯೂಬ್ ಯಾವ ಮಗ್ಗುಲು ಮೇಲಿತ್ತು ಎಂದೂ ಗುರುತಿಟ್ಟುಕೊಳ್ಳಿ. ಟ್ಯೂಬಿಗೆ ಗಾಳಿ ತುಂಬಿ ತೂತು ಹುಡುಕಿ, ವಾಲ್ವಿನಿಂದ ಅದು ಎಷ್ಟು ಗೇಣು ದೂರ ಇದೆ ನೋಡಿ. ಟೈರಿನ ಮೇಲೂ ಗುರುತಿನಿಂದ ಅಷ್ಟೇ ಗೇಣು ಅಳೆದರೆ ಮುಳ್ಳಿನ ಜಾಗ ಸಿಗುತ್ತದೆ. ಹಳೇ ಬನಿಯನ್ನು ಮುದುರಿ ಒಳಮೈ ಪೂರ್ತಿ ಸವರಿ, ಮೊನೆಯಿದ್ದಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಬರಿಗೈ ಹಾಕಬೇಡಿ. ಇಕ್ಕಳದಿಂದ ಕಿತ್ತ ಮೇಲೆ ಟ್ಯೂಬಿಗೆ ಪೌಡರ್ ಬಳಿದೇ ಕೂರಿಸಿ.

ಟ್ಯೂಬಿನಲ್ಲಿ ತೂತು ವಾಲ್ವಿನ ಬುಡದಲ್ಲೇ ಇದ್ದರೆ ಮುಳ್ಳನ್ನು ಬೈಯಬೇಡಿ. ಗಾಳಿ ತೀರಾ ಕಡಿಮೆಯಿದ್ದಾಗ ರಿಮ್ಮಿನ ಮೇಲೆ ಟೈರ್ ಜಾರುತ್ತದೆ, ಜೊತೆಗೆ ಟ್ಯೂಬೂ ಎಳೆದುಕೊಂಡು ಹೋಗಿ ವಾಲ್ವ್ ಕೀಳುತ್ತದೆ. ಕೋಲಿನಿಂದ ಬಡಿದು ಗಾಳಿ ಅಂದಾಜು ಮಾಡುವ ರೂಢಿ ಬಿಟ್ಟು, ಒಂದು ಗೇಜ್ ಇಟ್ಟುಕೊಂಡು ಕೈಪಿಡಿ ಹೇಳಿದಷ್ಟು ಹಿಡಿಸಿ.

ಕಬ್ಬಿನ ಕೂಳೆ ಬೇರೆ ಥರದ ಶತ್ರು. ಓರೆಯಾಗಿ, ನೆಲದಿಂದ ಮೇಲಕ್ಕೆ ಕಡಿದ ಬುಡ ಒಣಗಿದರೆ ಗೂಟದಂತಾಗಿ ಟೈರಿನ ಪಕ್ಕೆಗೆ ಇರಿಯುತ್ತದೆ. ಕಟಾವಿನವರಿಗೆ ನೆಲಮಟ್ಟಕ್ಕೆ ಕಡಿಯಲು ಹೇಳಿ. ಬುಡದ ಗೆಣ್ಣಿನಲ್ಲೇ ಸಕ್ಕರೆ ಹೆಚ್ಚು, ಅದನ್ನು ನೆಲದಲ್ಲಿ ಬಿಡುವುದೂ ನಷ್ಟವೇ. ಚಕ್ರ ಸಾಲಿನ ನಡುವೆಯೇ ಹೋಗುವಂತೆ ಅಗಲ ಹೊಂದಿಸಿಕೊಳ್ಳಿ. ಟೈರ್ ಬದಲಿಸುವ ಹೊತ್ತು ಬಂದಾಗ ಅದೇ ಅಳತೆಯಲ್ಲಿ ಹೆಚ್ಚು ಪ್ಲೈ, ಅಂದರೆ ಟೈರಿನ ಮೈಗೆ ಬಲ ಕೊಡುವ ನೂಲಿನ ಪದರ, ಇರುವುದನ್ನು ಕೇಳಿ. ಅಳತೆ ಮಾತ್ರ ಬದಲಿಸಬೇಡಿ. ನಿಮ್ಮಂಥ ಟ್ರ್ಯಾಕ್ಟರಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ಸುತ್ತಳತೆಗೆ ಒಂದು ಲೆಕ್ಕವಿದೆ, ಅದು ತಪ್ಪಿದರೆ ಟಾರು ರಸ್ತೆಯಲ್ಲಿ ಗೇರಿಗೂ ಟೈರಿಗೂ ಪೆಟ್ಟು.

ಸೀಲೆಂಟ್ ದ್ರವದ ಬಗ್ಗೆಯೂ ಹಲವರು ಕೇಳುತ್ತಾರೆ. ಟ್ಯೂಬ್‌ಲೆಸ್ ಟೈರಿನ ನೆಲ ಮುಟ್ಟುವ ಭಾಗದಲ್ಲಿ ಸಣ್ಣ ತೂತಾದರೆ ಚೆನ್ನಾಗಿ ಮುಚ್ಚುತ್ತದೆ. ಟ್ಯೂಬಿನಲ್ಲಿ ಅಷ್ಟು ನೆಚ್ಚಿಕೊಳ್ಳುವಂತಿಲ್ಲ, ಯಾಕೆಂದರೆ ಮುಳ್ಳು ಅಲುಗಾಡಿ ತೂತನ್ನು ಸೀಳಾಗಿಸುತ್ತದೆ. ಪಕ್ಕೆ ಸೀಳಿದರಂತೂ ಗೇಟರ್ (ಸೀಳಿಗೆ ಒಳಗಿನಿಂದ ಕೊಡುವ ದಪ್ಪ ತೇಪೆ) ಇಲ್ಲವೇ ಹೊಸ ಟೈರು, ಬೇರೆ ದಾರಿಯಿಲ್ಲ.

ಇಟ್ಟಿಗೆ ಗೂಡಿನಲ್ಲೋ ಗುಜರಿ ಅಂಗಳದಲ್ಲೋ ವರ್ಷವಿಡೀ ದುಡಿಯುವ ಟ್ರ್ಯಾಕ್ಟರಾಗಿದ್ದರೆ ನಾನೇ ಫೋಮ್ ಹಾಕಿಸಿ ಅನ್ನುತ್ತಿದ್ದೆ. ನೀವು ಒಂದು ಕೂಳೆ ಕಾಲ ಹೀಗೆ ನಡೆಸಿ ನೋಡಿ. ಆಮೇಲೂ ಮುಂದಿನ ಚಕ್ರಗಳೇ ಕಾಡಿದರೆ ಆ ಎರಡಕ್ಕೆ ಮಾತ್ರ, ಕೈಪಿಡಿಯ ಒತ್ತಡಕ್ಕೇ ತುಂಬಿಸುವ ಮಾತಾಡಿ. ಮಾತಿಗೆ ಕೂರುವ ಮೊದಲು ಟೈರಿನೊಳಗೆ ಎಷ್ಟು ಲೀಟರ್ ಹಿಡಿಯುತ್ತದೆ ಎಂದು ಕೇಳಿ, ಅಷ್ಟು ಕಿಲೋ ಚಕ್ರಕ್ಕೆ ಸೇರಿದರೆ ಮುಂದಿನ ಆಕ್ಸಲ್ ತಡೆಯುತ್ತದೆಯೇ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಿ.